ಸ್ವರ್ಣಧಾತು ಮೀಮಾಂಸೆ

ಆವರ್ತ ಕೋಷ್ಟಕದ 79ನೇ ಮನೆಯಲ್ಲಿರುವ ಚಿನ್ನವು ಜಡ ಸ್ವಭಾವದ್ದು, ಯಾರೊಡನೆಯೂ ಸುಲಭಕ್ಕೆ ಬೆರೆಯದು ಎಂದು ರಸಾಯನಶಾಸ್ತ್ರದ ಪಠ್ಯಗಳು ಸಾರುತ್ತವೆ. ಸದರಿ ಪಠ್ಯಗಳ ಕರ್ತೃಗಳು ಮಗಳ ಮದುವೆ ಮಾಡಿದವರಲ್ಲವೆಂದು ನಂಬಲು ಸಾಕಷ್ಟು ಆಧಾರವಿದೆ. ಗಾಳಿಗೂ ನೀರಿಗೂ ಬರಿಯ ನೈಟ್ರಿಕ್ ಆಮ್ಲಕ್ಕೂ ಜಗ್ಗದ ಈ ಧಾತು 1064 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವುದೇನೋ ನಿಜ. ಬೀಗರ ಮುಂದೆ ಕೋಣೆಯ ಉಷ್ಣಾಂಶದಲ್ಲೇ ಕರಗುವುದನ್ನು ಮಾತ್ರ ಯಾವ ಪಠ್ಯವೂ ದಾಖಲಿಸಿಲ್ಲ.

ಇನ್ನು ಲಭ್ಯತೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್ನನಿಗೆ ಅಶೋಕನ ಶಾಸನ ಸಿಕ್ಕಿತು. ಶಾಸನ ಹುಡುಕುವ ಇತಿಹಾಸದ ಮೇಷ್ಟ್ರುಗಳಿಗೆ ಚಿನ್ನ ಸಿಕ್ಕ ವರದಿ ಇನ್ನೂ ಬರಬೇಕಿದೆ. ಕೋಲಾರದ ಗಣಿಗೆ 1902ರಲ್ಲೇ ಶಿವನಸಮುದ್ರದ ಕರೆಂಟು ಬಂತು. ಬೆಂಗಳೂರಿನ ಬೀದಿದೀಪ ಉರಿದದ್ದು ಆಮೇಲೆ. ಮೂರು ಕಿಲೋಮೀಟರಿಗೂ ಆಳ ಇಳಿದು, ಕೊನೆಕೊನೆಗೆ ಟನ್ನುಗಟ್ಟಲೆ ಕಲ್ಲು ಅರೆದರೂ ಗ್ರಾಂ ಲೆಕ್ಕದಲ್ಲಷ್ಟೇ ಸಿಕ್ಕಿ, 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಹಟ್ಟಿಯಲ್ಲಿ ಈಗಲೂ ಅಗೆಯುತ್ತಾರೆ. ಆದರೆ ಟನ್ನಿಗಿಷ್ಟು ಎಂದು ಲೆಕ್ಕ ಹಾಕಿದರೆ ಅತಿ ಸಮೃದ್ಧ ನಿಕ್ಷೇಪವಿರುವುದು ಬೀರುವಿನ ಒಳಖಾನೆಯಲ್ಲಿ, ರೇಷ್ಮೆ ಸೀರೆ ಮತ್ತು ನುಸಿಗುಳಿಗೆಗಳ ಪದರದ ಕೆಳಗೆ. ಅಲ್ಲಿ ಗಣಿಗಾರಿಕೆಯ ಪರವಾನಗಿ ಅತ್ತೆಯದು.

ಈಗ ಪ್ರಬಂಧದ ಮುಖ್ಯ ಭಾಗಕ್ಕೆ ಬರೋಣ. ರಾಶಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು 18ನೇ ಶತಮಾನದಲ್ಲಿ ಲೆವಾಸಿಯೆ ಸಾಧಿಸಿದ. ಆತ ನಮ್ಮ ಚಿನ್ನದಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಲ್ಲಿ ಫ್ಯಾನು ಆರಿಸುತ್ತಾರೆ, ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ಸರ ಇಡುತ್ತಾರೆ, ಅಂಕಿ ನಿಲ್ಲುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಾರೆ: ಸರಿಯಾಗಿ 10 ಗ್ರಾಂ. ಶೇಕಡಾ 12 ವೇಸ್ಟೇಜ್ ಹಾಕಿದ ಮೇಲೆ ಬಿಲ್ಲಿನಲ್ಲಿ ಅದು 11.2 ಗ್ರಾಂ. ಹುಟ್ಟಿಕೊಂಡ 1.2 ಗ್ರಾಂ ಚಿನ್ನ ಕಣ್ಣಿಗೂ ಕಾಣದು, ತಕ್ಕಡಿಗೂ ಸಿಗದು. ದುಡ್ಡಿಗೆ ಮಾತ್ರ ಗೋಚರ. ಅದೇ ಸರವನ್ನು ವರ್ಷ ಬಿಟ್ಟು ಮಾರಲು ಒಯ್ಯಿರಿ. ಒರೆಗಲ್ಲಿಗೆ ಉಜ್ಜಿ, ಕಲ್ಲು ಕಳೆದು, ಅರಗು ಕಳೆದು, ಬೆಸುಗೆ ಕಳೆದು 9 ಗ್ರಾಮಿಗೆ ತಂದು ನಿಲ್ಲಿಸುತ್ತಾರೆ. ಕೊಳ್ಳುವಾಗ ಹಿಗ್ಗಿ ಮಾರುವಾಗ ಕುಗ್ಗುವ ಬೇರೆ ಧಾತುವನ್ನು ಪ್ರಕೃತಿಯಲ್ಲಿ ಈವರೆಗೆ ಕಂಡಿಲ್ಲ. 22 ಕ್ಯಾರೆಟ್ಟಿನಲ್ಲಿ ಶೇಕಡಾ 91.6 ಚಿನ್ನವೆಂದು ಹಾಲ್‌ಮಾರ್ಕ್ ಮುದ್ರೆ ಖಾತರಿ ಕೊಡುತ್ತದೆ; ವೇಸ್ಟೇಜಿನ ಶುದ್ಧತೆ ಎಷ್ಟೆಂದು ಹೇಳುವ ಮುದ್ರೆ ಇನ್ನೂ ಬಂದಿಲ್ಲ.

ಉಪಯೋಗಗಳು ಹಲವು. ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಮೊಬೈಲಿನ ಸರ್ಕ್ಯೂಟಿನಲ್ಲೂ ತುಕ್ಕು ಹಿಡಿಯದ ಲೇಪವಾಗಿ ಕೂತಿದೆ. ಆದರೆ ಪ್ರಧಾನ ಉಪಯೋಗ ಗಿರವಿ. ರಸವಾದಿಗಳು ಸೀಸವನ್ನು ಚಿನ್ನ ಮಾಡಹೋಗಿ ಶತಮಾನಗಟ್ಟಲೆ ಕುಲುಮೆ ಊದಿ ಸೋತರು. ಅದರ ವಿಲೋಮ ಕ್ರಿಯೆ, ಅಂದರೆ ಬಳೆಯನ್ನು ಯೂರಿಯಾ ಮಾಡುವುದು, ನಮ್ಮಲ್ಲಿ ಪ್ರತಿ ಮುಂಗಾರಿಗೂ ಯಾವ ಕುಲುಮೆಯಿಲ್ಲದೆ ನೆರವೇರುತ್ತಿದೆ. ಜೂನ್ ತಿಂಗಳಲ್ಲಿ ಓಲೆ ಸ್ಕೂಲ್ ಫೀಸಾಗುವುದೂ ಇದೇ ವರ್ಗದ ಕ್ರಿಯೆ. ತಿರುಗುಕ್ರಿಯೆ ಸಾಧ್ಯವಿದೆ, ಬಡ್ಡಿ ಎಂಬ ಪ್ರತಿಬಂಧಕ ಅದಕ್ಕೆ ಅಡ್ಡಿ.

ಹೆಚ್ಚಿನ ಸಂಶೋಧನೆಗೆ ಮಾದರಿಗಳ ಕೊರತೆಯಿದೆ. ವಿಜ್ಞಾನದಲ್ಲಿ ಆಸಕ್ತಿಯುಳ್ಳ ಓದುಗರು ತಮ್ಮ ಬಳೆ, ಸರ, ನಾಣ್ಯಗಳನ್ನು ಪ್ರಬಂಧಕಾರನಿಗೆ ಕಳಿಸಿಕೊಡಬೇಕಾಗಿ ಕೋರಿಕೆ. ಪರೀಕ್ಷೆ ಮುಗಿದೊಡನೆ, ವೇಸ್ಟೇಜ್ ಕಳೆದು, ಮರಳಿಸಲಾಗುವುದು.