ನಾಳೆ ಬರುವ ಮೇಸ್ತ್ರಿ

ಬೆಂಗಳೂರಿನಲ್ಲಿ ಹಳೇ ಮನೆ ಇಟ್ಟುಕೊಂಡವರಿಗೆ ರಿಪೇರಿ ಮೇಸ್ತ್ರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಲ್ಲಿಯ ವಾಷರಿನಿಂದ ಹಿಡಿದು ಮಹಡಿ ಮೇಲೊಂದು ರೂಮು ಎಬ್ಬಿಸುವವರೆಗೆ ‘ಎಲ್ಲಾ ನಂಗ್ ಬಿಡಿ ಸಾರ್, ಟೆನ್ಷನ್ ತಗೋಬೇಡಿ’ ಎನ್ನುವ ಮನುಷ್ಯ ಅವನು. ಬಂದವನೇ ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತಾನೆ, ಕಿವಿಗೊಡುತ್ತಾನೆ, ‘ಇದನ್ನ ಯಾರ್ ಸಾರ್ ಮಾಡಿದ್ದು?’ ಎಂದು ನೊಂದು ಕೇಳುತ್ತಾನೆ. ಯಾರು ಮಾಡಿದ್ದರೂ ತಪ್ಪೇ. ಮಾಡಿದವನು ತಾನೇ ಎಂದು ನೆನಪಾದರೆ ಮಾತ್ರ ತಪ್ಪು ಎಂ-ಸ್ಯಾಂಡಿನದು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಎಸ್ಟಿಮೇಟನ್ನು ಗೋಡೆಯ ಮೇಲೆಯೇ ಬರೆಯುತ್ತಾನೆ. ಮುಂದೆ ಅದೇ ಗೋಡೆಗೆ ಬಣ್ಣ ಬಳಿಸುವವನೂ ಅವನೇ ಆದ್ದರಿಂದ ದಾಖಲೆಯ ಕಾಟವಿಲ್ಲ. ಅಡ್ವಾನ್ಸ್ ಜೇಬಿಗಿಳಿದ ಮೇಲೆ ‘ನಾಳೆ’ ಶುರುವಾಗುತ್ತದೆ. ಹಿಂದೆ ದೆವ್ವಕ್ಕೆ ಹೆದರಿದ ನಮ್ಮ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸಾಗುತ್ತಿತ್ತಂತೆ. ಬರೆಯದಿದ್ದರೂ ವಾಪಸಾಗುವವನು ಮೇಸ್ತ್ರಿ ಒಬ್ಬನೇ. ಹಾಗಾಗಿ ಅವನನ್ನು ಸುಳ್ಳುಗಾರನೆಂದು ಕರೆಯುವುದು ವಾಡಿಕೆ. ಆದರೆ ಲೆಕ್ಕ ಹಾಕಿ ನೋಡಿದರೆ ಆ ‘ನಾಳೆ’ಯ ತಾಯಿತಂದೆ ಬೇರೆಯೇ: ಒಂದು ಸಿಮೆಂಟು, ಇನ್ನೊಂದು ಮನೆ ಮಾಲೀಕ.

ಒಂದು ಹಳೇ ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ಟೈಲ್ಸ್ ಒಡೆಯಲು ಒಂದು ದಿನ; ತುಕ್ಕು ಹಿಡಿದ ಜಿಐ ಪೈಪ್ ಕಿತ್ತು ಸಿಪಿವಿಸಿ ಕೂರಿಸಲು ಎರಡು ದಿನ. ವಾಟರ್‌ಪ್ರೂಫಿಂಗ್ ಎರಡು ಕೋಟು. ಮೊದಲನೆಯದು ಒಣಗದೆ ಎರಡನೆಯದು ಹಚ್ಚುವಂತಿಲ್ಲ. ಆಮೇಲೆ ನೀರು ನಿಲ್ಲಿಸಿ 24ರಿಂದ 48 ಗಂಟೆ ಕಾದು, ಕೆಳಗಿನ ಮನೆಯ ಸೂರು ಒದ್ದೆಯಾಯಿತೇ ಎಂದು ನೋಡಬೇಕು. ಗಾರೆ ಮಾಡಿದರೆ ಕ್ಯೂರಿಂಗಿಗೆ 7 ದಿನ. ಹೀಗೆ ಏಳೆಂಟು ದಿನದ ಕೈಕೆಲಸ ಮುಗಿಯಲು ಹದಿನೆಂಟು ಇಪ್ಪತ್ತು ದಿನ ಬೇಕು. ಮಿಕ್ಕ ದಿನಗಳಲ್ಲಿ ಕೆಲಸ ಮಾಡುವುದು ನೀರು ಮತ್ತು ಗಾಳಿ. ಅವು ಕೂಲಿ ಕೇಳುವುದಿಲ್ಲ. ಗಾರೆಯವನು, ಟೈಲ್ಸಿನವನು, ಹೆಲ್ಪರ್ ಕೇಳುತ್ತಾರೆ, ಅದೂ ಪ್ರತಿ ಶನಿವಾರ ಸಂಜೆ. ಒಂದು ವಾರ ಬಟವಾಡೆ ತಪ್ಪಿತೋ, ಸೋಮವಾರ ಅವರು ಬೇರೆ ಮೇಸ್ತ್ರಿಯ ಬಾಂಡ್ಲಿ ಹೊರುತ್ತಿರುತ್ತಾರೆ. ಆದ್ದರಿಂದ ಜಯನಗರದಲ್ಲಿ ಗಾರೆ ಒಣಗುವಾಗ ರಾಜಾಜಿನಗರದಲ್ಲಿ ಗೋಡೆ ಒಡೆಯಬೇಕು, ಅಲ್ಲಿ ಪ್ಲಂಬರ್ ಇರುವಾಗ ಬನಶಂಕರಿಯಲ್ಲಿ ಟೈಲ್ಸ್ ಕೂರಬೇಕು. ಒಡೆಯುವ ಮುನ್ನ ಗೋಡೆಯೊಳಗೆ ಏನಿದೆಯೆಂದು ಯಾರಿಗೂ ಕಾಣುವುದಿಲ್ಲ. ರಾಜಾಜಿನಗರದ ಪೈಪು ಅಡುಗೆಮನೆವರೆಗೂ ಕೊಳೆತಿದ್ದರೆ ಬನಶಂಕರಿಯ ‘ನಾಳೆ’ ನಾಡಿದ್ದಾಗುತ್ತದೆ.

ಹಾಗಿದ್ದರೆ ಇಪ್ಪತ್ತು ದಿನವೆಂದು ಮೊದಲೇ ಹೇಳಬಾರದೇ, ಐದು ದಿನವೆಂದು ಏಕೆ ಹೇಳಬೇಕು ಎಂದು ಕೇಳಬಹುದು. ಹೇಳುವವರೂ ಇದ್ದಾರೆ, ಅವರಿಗೆ ಕೆಲಸ ಸಿಗುವುದಿಲ್ಲ. ಮೂವರನ್ನು ಕರೆಸಿ, ಇಪ್ಪತ್ತು ದಿನ ಎಂದವನಿಗೆ ಕಾಫಿ ಕೊಟ್ಟು ಕಳಿಸಿ, ಐದು ದಿನ ಎಂದವನಿಗೆ ಅಡ್ವಾನ್ಸ್ ಕೊಡುವವರು ನಾವೇ. ನಮಗೆ ಗೌರಿ ಹಬ್ಬದೊಳಗೆ ಮನೆ ಆಗಬೇಕು, ಆ ಮಾತು ಹೊಳೆಯುವುದು ಹಬ್ಬಕ್ಕೆ ಎರಡು ವಾರ ಇರುವಾಗ. ಕೆಲಸ ಅರ್ಧಕ್ಕೆ ಬಂದಾಗ ಯಜಮಾನರಿಗೆ ‘ಹೇಗೂ ಬಂದಿದೀರಲ್ಲ’ ಎಂಬ ಜ್ವರ ಬರುತ್ತದೆ: ಹೇಗೂ ಬಂದಿದೀರಲ್ಲ, ಆ ಕಿಟಕಿ ಸಜ್ಜವನ್ನೂ ನೋಡಿಬಿಡಿ, ಹೇಗೂ ಸಿಮೆಂಟು ಕಲಸಿದೀರಲ್ಲ, ತುಳಸಿಕಟ್ಟೆಗೂ ಒಂದು ಕೈ ಹಾಕಿಬಿಡಿ. ಇವಕ್ಕೆ ರೇಟಿಲ್ಲ, ದಿನದ ಲೆಕ್ಕವೂ ಇಲ್ಲ. ಅತ್ತ ಯಜಮಾನಿತಿ ಟೈಲ್ಸಿನ ಬಣ್ಣ ಬದಲಿಸುತ್ತಾರೆ, ಅಂಗಡಿಯವನು ಹೊಸ ಲಾಟು ಬರಲು ವಾರವಾಗುತ್ತದೆನ್ನುತ್ತಾನೆ. ಕೊನೆಗೆ ತಡವಾಗಿದ್ದು ಮೇಸ್ತ್ರಿಯಿಂದ ಎಂದು ಇಡೀ ಬೀದಿಗೆ ಗೊತ್ತಾಗುತ್ತದೆ.

ಆ್ಯಪ್ ಒತ್ತಿದರೆ ಸಮವಸ್ತ್ರ ತೊಟ್ಟವರು ಹೇಳಿದ ಗಂಟೆಗೆ ಬರುತ್ತಾರಲ್ಲ, ಇವನೇಕೆ ಬರಬಾರದು ಎಂಬುದು ಎರಡನೆಯ ಆಕ್ಷೇಪ. ಫ್ಯಾನ್ ಸಿಕ್ಕಿಸುವುದು, ನಲ್ಲಿ ಬದಲಿಸುವುದು ಒಂದು ಗಂಟೆಯಲ್ಲಿ ಮುಗಿಯುವ ಕೆಲಸ; ಅದಕ್ಕೆ ರೇಟು ಕಟ್ಟಬಹುದು, ಗಂಟೆಯನ್ನೂ ಕಟ್ಟಬಹುದು. ಒಳಗೊಳಗೇ ಸೋರುವ ಗೋಡೆಗೆ ಹಾಗೆ ಕಟ್ಟಲು ಬರುವುದಿಲ್ಲ. ಇನ್ನು, ಅಡ್ವಾನ್ಸ್ ತೆಗೆದುಕೊಂಡು ಸಿಮ್ ಬದಲಿಸಿ ಮಾಯವಾಗುವವನೂ ಇದ್ದಾನಲ್ಲ ಎಂದರೆ, ಇದ್ದಾನೆ. ಅವನು ಮೇಸ್ತ್ರಿಯಲ್ಲ, ರಸಮಟ್ಟ ಹಿಡಿದುಕೊಂಡ ಕಳ್ಳ. ಅವನ ಪರವಾಗಿ ವಾದವಿಲ್ಲ. ನಮ್ಮ ಮೇಸ್ತ್ರಿಯದು ಬೇರೆ ಜಾತಿ. ಅವನು ತಡವಾಗಿಯಾದರೂ ಬರುತ್ತಾನೆ. ಫೋನಿನಲ್ಲಿ ‘ಸಿಲ್ಕ್ ಬೋರ್ಡ್ ಹತ್ರ ಇದೀನಿ’ ಎಂದಾಗ ಮನೆಯಲ್ಲಿ ತಿಂಡಿ ತಿನ್ನುತ್ತಿರುತ್ತಾನೆ ಎನ್ನುವುದು ನಿಜ, ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಆದ್ದರಿಂದ ಅವನನ್ನು ತಿದ್ದುವ ದಾರಿ ಬೈಗುಳವಲ್ಲ, ಕಾಗದ. ಆಗಬೇಕಾದ ಕೆಲಸವನ್ನೆಲ್ಲ ಗೋಡೆಯ ಬದಲು ಒಂದು ಹಾಳೆಯಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ. ಟೈಲ್ಸನ್ನು ಒಡೆಯುವ ಮೊದಲೇ ಆರಿಸಿ ತಂದಿಡಿ. ಅಡ್ವಾನ್ಸ್ ಸಾಮಾನಿಗೆ ಬೇಕಾದಷ್ಟೇ ಕೊಡಿ. ಮಿಕ್ಕದ್ದನ್ನು ಹಂತ ಮುಗಿದಂತೆ ಶನಿವಾರಕ್ಕೆ ಸರಿಯಾಗಿ ಕೊಡಿ, ಕೊನೆಯ ಕಂತನ್ನು ನೀರು ನಿಲ್ಲಿಸಿ ನೋಡಿದ ಮೇಲೆ ಕೊಡಿ. ಮುಖ್ಯವಾಗಿ, ಮೂವರಲ್ಲಿ ಇಪ್ಪತ್ತು ದಿನ ಎಂದವನಿಗೆ ಕೆಲಸ ಒಪ್ಪಿಸಿ. ಐದು ದಿನ ಎಂದವನಿಗೂ ಅಷ್ಟೇ ದಿನ ಹಿಡಿಯುತ್ತದೆ.