ವೃತ್ತಿ ಮಾರ್ಗದರ್ಶನ ಮೀಮಾಂಸೆ

ನೈಯಾಯಿಕರು ಒಪ್ಪಿದ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಮ್ಮ ಪದವಿ ಕಾಲೇಜುಗಳು ಐದನೆಯದನ್ನು ಕಂಡುಹಿಡಿದಿವೆ: ಜಿಯೋಟ್ಯಾಗ್ ಫೋಟೊ. ಉಳಿದ ನಾಲ್ಕನ್ನೂ ಇದೊಂದೇ ಬಾಧಿಸಬಲ್ಲದು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಹಿಂದೆ ಫ್ಲೆಕ್ಸು, ಮುಂದೆ ಶಾಲು ಹೊದ್ದ ಸಂಪನ್ಮೂಲ ವ್ಯಕ್ತಿ, ಕೆಳಮೂಲೆಯಲ್ಲಿ ಅಕ್ಷಾಂಶ ರೇಖಾಂಶ. ಇಷ್ಟು ಮೂಡಿದರೆ ಮಾರ್ಗದರ್ಶನ ಜರುಗಿತೆಂದೇ ಅರ್ಥ. ಕೇಳಿದವರಿಗೆ ದಾರಿ ಸಿಕ್ಕಿತೇ ಎಂಬ ಪ್ರಶ್ನೆ ಶಾಸ್ತ್ರಬಾಹ್ಯ, ಅದಕ್ಕೆ ಅಕ್ಷಾಂಶವಿಲ್ಲ. ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ, 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ಕಚೇರಿ ಹೊಂದಿರುವ ನ್ಯಾಕ್‌ನ ಅಂಕ ಕೊಡುವ ಪದ್ಧತಿಯ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿಗೆ ಮೀಸಲು. ಅಂಕವಿದ್ದಲ್ಲಿ ಫೈಲು, ಎಲ್ಲಿ ಫೈಲೋ ಅಲ್ಲಿ ಮಾರ್ಗದರ್ಶನ ಎಂಬ ವ್ಯಾಪ್ತಿ ಹೀಗೆ ಸಿದ್ಧಿಸುತ್ತದೆ.

ಮಾರ್ಗದರ್ಶಕರು ಪಂಚವಿಧ. ಪ್ರಥಮ, ಪ್ರೇರಣಾವಾದಿ. ಬೆಳಗಿನ ಮೊದಲ ಬಸ್ಸಿಗೆ ನೇತಾಡಿಕೊಂಡು ಬಂದ ಹುಡುಗಿಗೆ ‘ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬಾ’ ಎಂದು ಬೋಧಿಸುವವರು. ದ್ವಿತೀಯ, ಹಳೆಯ ವಿದ್ಯಾರ್ಥಿ. ಇವರ ಅನುಭವವನ್ನು ಅಳೆಯುವ ಮಾನ ಇನ್ನೂ ಸಿಕ್ಕಿಲ್ಲ. ದೇಣಿಗೆಯನ್ನಾದರೋ ಲಕ್ಷ ರೂಪಾಯಿಗಳಲ್ಲಿ ನಮೂದಿಸಬಹುದು. ತೃತೀಯ, ಮೆಂಟರ್. ಇವರ ಅಸ್ತಿತ್ವ ಮೆಂಟರ್ ಡೈರಿಯಲ್ಲಿದೆ. ಜೂನಿನಿಂದ ಮಾರ್ಚಿನವರೆಗಿನ ಭೇಟಿಗಳಿಗೆಲ್ಲ ಒಂದೇ ಪೆನ್ನಿನಿಂದ, ಒಂದೇ ಮಧ್ಯಾಹ್ನ, ನ್ಯಾಕ್ ತಂಡದ ಭೇಟಿಗೆ ಎರಡು ದಿನ ಮುಂಚೆ ಬಿದ್ದ ರುಜುಗಳೇ ಸಾಕ್ಷಿ. ಚತುರ್ಥ, ಪಂಚಮರನ್ನು ವಿವರಿಸಿ ಪ್ರಯೋಜನವಿಲ್ಲ. ಅವರೂ ಇವರೇ, ಶಾಲು ಬೇರೆ.

ಇಲ್ಲಿ ಪೂರ್ವಪಕ್ಷ: ನ್ಯಾಕ್ ಇಲ್ಲದಿದ್ದರೆ ಇಷ್ಟೂ ನಡೆಯುತ್ತಿರಲಿಲ್ಲವಲ್ಲ? ಒಪ್ಪೋಣ. ದಾಖಲೆ ಕೇಳುವುದು ತಪ್ಪಲ್ಲ. ದಾಖಲೆಯಷ್ಟನ್ನೇ ಕೇಳಿದರೆ ದಾಖಲೆಯಷ್ಟೇ ಹುಟ್ಟುತ್ತದೆ. ಇನ್ನೊಂದು ಆಕ್ಷೇಪ: ಹುಡುಗರೇ ಸಲಹೆ ಕೇಳಲು ಬರುವುದಿಲ್ಲ. ಬಂದು ಏನು ಕೇಳಬೇಕು? ಕರ್ನಾಟಕ ಪೊಲೀಸ್ ಇಲಾಖೆಯ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಬರೆದವನು ಆ ನಡುವೆ ಮನೆಯವರಿಗೆ ಏನು ಹೇಳಬೇಕಿತ್ತು ಎಂಬುದಕ್ಕೆ ಯಾವ ಪವರ್‌ಪಾಯಿಂಟಿನಲ್ಲೂ ಸ್ಲೈಡಿಲ್ಲ. ಅವನಲ್ಲಿ ಕೊರತೆಯಿದ್ದದ್ದು ಆತ್ಮವಿಶ್ವಾಸದ್ದಲ್ಲ. ವ್ಯವಸ್ಥೆ ಮಾಡಿದ ಮೋಸಕ್ಕೆ ‘ಸಾಫ್ಟ್ ಸ್ಕಿಲ್’ ತರಬೇತಿ ಕೊಡುವುದು ಮಾರ್ಗದರ್ಶನವಲ್ಲ, ಅವಮಾನ.

ಮೆಂಟರ್ ಯಾರೆಂಬುದನ್ನೂ ನೋಡಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಬರುವ ವರ್ಷ ಯಾವ ಊರಲ್ಲಿ ಎಷ್ಟು ಗಂಟೆ ಕಾರ್ಯಭಾರ, ಕೆಲಸ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದವರ ಬಾಯಲ್ಲಿ ಮಕ್ಕಳಿಗೆ ಭವಿಷ್ಯ ಹೇಳಿಸುತ್ತೇವೆ. ಆದರೂ ಅವರು ಹೇಳುತ್ತಾರೆ: ಬಿ.ಎಡ್. ಮಾಡುವುದೋ ಎಂ.ಎ.ಯೋ, ಕಂಪನಿಯವರು ಕೇಳುವ ಬಾಂಡಿಗೆ ಸಹಿ ಹಾಕಬಹುದೋ ಬಾರದೋ, ವಿದ್ಯಾರ್ಥಿವೇತನದ ಅರ್ಜಿ ಯಾಕೆ ತಿರಸ್ಕೃತವಾಯಿತು. ಕಾರಿಡಾರಿನಲ್ಲಿ ನಿಂತು ಆಡುವ ಈ ಮಾತಿಗೆ ಫೋಟೊ ಇಲ್ಲ, ಅಂಕವೂ ಇಲ್ಲ. ಪದವಿ ಮುಗಿಸಿ ಎರಡು ವರ್ಷ ಅಲೆದವನು ಮತ್ತೆ ಕೇಳಲು ಬಂದರೆ ಆ ಮೇಷ್ಟ್ರು ಅಲ್ಲಿ ಇರುವುದಿಲ್ಲ. ಮೇಷ್ಟ್ರನ್ನು ಅಲ್ಲಿ ಉಳಿಸುವಂತೆ ನೇಮಕಾತಿ ಮಾಡಿದರೆ ಮೆಂಟರ್ ಡೈರಿಯೇ ಬೇಕಾಗದು. ಅದನ್ನು ಮಾಡದೆ ಎಷ್ಟು ಮಾರ್ಗದರ್ಶನ ಕೋಶ ತೆರೆದರೂ ಅವು ಫೋಟೊ ತೆಗೆಸಿಕೊಳ್ಳುವ ಕೋಣೆಗಳೇ.