‘ಬೇಡ’ ಅಂದಿದ್ದೂ ಉತ್ತರವೇ ಸ್ವಾಮಿ!

ಇಪ್ಪತ್ನಾಲ್ಕು ಗಂಟೆ ಎದ್ದಿರುವ ರೂಟರ್‌ಗೆ ನಿದ್ದೆ ಯಾಕೆ ಅಂತ ಕರ್ನಲ್‌ನಲ್ಲಿ ಸಸ್ಪೆಂಡ್ ಆಫ್ ಮಾಡಿದ್ದೇ ತಡ, ವೈ-ಫೈ ಡ್ರೈವರ್ ಕಂಪೈಲ್ ಆಗಲ್ಲ ಅಂತ ಹಟ ಹಿಡಿಯಿತು. ನಿಮಗೂ ಆಗಿರುತ್ತೆ, ವಿವರ ಬೇಡ. ಎಲ್ಲರೂ ಬೆರಳು ತೋರಿಸುವ ಆರೋಪಿ, ಲಿನಕ್ಸ್‌ನ ‘.ಕಾನ್ಫಿಗ್’ ಕಡತದ ‘# ಕಾನ್ಫಿಗ್_ಸಸ್ಪೆಂಡ್ ಈಸ್ ನಾಟ್ ಸೆಟ್’ ಎಂಬ ಸಾಲು, ಕೊನೆಗೂ ಮಾತಿಗೆ ಸಿಕ್ಕಿತು.

ನಿಮ್ಮಿಂದಲೇ ಕೆಲಸ ಕೆಟ್ಟಿದ್ದಂತೆ?

ಮೊದಲು ನನ್ನ ಹಣೆ ಮೇಲಿನ ಹ್ಯಾಷ್ ನೋಡಿ. ‘ಓ, ಬರೀ ಕಮೆಂಟು’ ಅಂತಾರೆ ಜನ. ಅಳಿಸಿ ನೋಡಿ! ‘ಮೇಕ್ ಓಲ್ಡ್‌ಕಾನ್ಫಿಗ್’ ಬಂದು ಬೇಕಾ, ಬೇಡ್ವಾ ಅಂತ ಮೊದಲಿಂದ ಕೇಳುತ್ತೆ. ‘ಓಲ್ಡ್‌ಡೆಫ್‌ಕಾನ್ಫಿಗ್’ ಆದರೆ ಕೇಳೋದೂ ಇಲ್ಲ, ಡಿಫಾಲ್ಟ್ ಅಂತ ‘ವೈ’ ಒತ್ತಿಬಿಡುತ್ತೆ. ಬೇಕು ಅನ್ನೋ ವೈಗೆ, ಮಾಡ್ಯೂಲ್ ಅನ್ನೋ ಎಮ್‌ಗೆ ಅಂತಸ್ತಿನ ಸಾಲು. ಬೇಡ ಅಂದ ನನಗೆ ಮಾತ್ರ ಕಮೆಂಟಿನ ವೇಷ!

ಅದಿರಲಿ, ‘ಸೆಲೆಕ್ಟ್’ ಅನ್ನೋದು ಅವಲಂಬನೆ ನೋಡದೆ ಬೇರೆ ಆಯ್ಕೆಗಳನ್ನು ಆನ್ ಮಾಡುತ್ತಲ್ಲ?

ಹ್ಯಾಷ್ ವಿಷಯ ಇನ್ನೂ ಮುಗಿದಿಲ್ಲ.

ಹೋಗಲಿ. ಎರರ್ ಬರುವ ಆ ಕಪ್ಪು ಕನ್ಸೋಲ್‌ನಲ್ಲಿ 512 ಗ್ಲಿಫ್‌ಗಷ್ಟೇ ಜಾಗ. ನಮ್ಮ ಒತ್ತಕ್ಷರ ಎಲ್ಲಿ ಕೂರಬೇಕು?

ನನ್ನದು ನಿದ್ದೆ ಇಲಾಖೆ ಸ್ವಾಮಿ, ಅಕ್ಷರದ್ದಲ್ಲ.

ಸರಿ, ಡ್ರೈವರ್ ಯಾಕೆ ಕೆಡುತ್ತೆ?

ಬರೆದವನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ವೈ. ನಾನೂ ಹೈಬರ್ನೇಷನ್ನೂ ಇಬ್ಬರೂ ಆಫ್ ಆದರೆ ಅವನ ಸಸ್ಪೆಂಡ್, ರೆಸ್ಯೂಮ್ ಫಂಕ್ಷನ್‌ಗಳನ್ನು ಕರೆಯೋರೇ ಇಲ್ಲ. ಕಂಪೈಲರ್ ಎಚ್ಚರಿಸುತ್ತೆ, ಎಚ್ಚರಿಕೆಯೇ ಎರರ್ ಆಗುವ ಕಡೆ ಕೆಲಸ ಅಲ್ಲಿಗೇ ನಿಂತಿತು. ಆಗ ಸುತ್ತ ‘ಇಫ್‌ಡೆಫ್’ ಬೇಲಿ ಹಾಕ್ತಾನೆ. ಬೇಲಿಯೊಳಗಿನ ಕೋಡ್ ಆಫ್ ಇದ್ದಾಗ ಕಂಪೈಲರ್ ಕಣ್ಣಿಗೇ ಬೀಳಲ್ಲ, ಒಳಗೇ ಕೊಳೆಯುತ್ತೆ. ಅದಕ್ಕೇ ‘ಪಿಎಂ_ಸ್ಲೀಪ್_ಪಿಟಿಆರ್’ ಮ್ಯಾಕ್ರೋ ಇರೋದು: ಕಂಪೈಲರ್ ಪೂರ್ತಿ ಓದಿ, ತಪ್ಪು ಹಿಡಿದು, ಆಮೇಲೆ ಎಸೆಯುತ್ತೆ. ಎಲ್ಲ ಆಫ್ ಮಾಡುವ ‘ಆಲ್‌ನೋಕಾನ್ಫಿಗ್’, ಮನಬಂದಂತೆ ಆರಿಸುವ ‘ರ‍್ಯಾಂಡ್‌ಕಾನ್ಫಿಗ್’ ಕೂಡ ಇವೆ. ಅವನು ಅವನ್ನು ಓಡಿಸಿ ನೋಡಿದ್ದಿದ್ದರೆ ನೀವು ನನ್ನ ಹತ್ತಿರ ಬರ್ತಿರಲಿಲ್ಲ.

ಆ ಎಚ್ಚರಿಕೆ ಕನ್ನಡದಲ್ಲಿ ಬಂದಿದ್ದರೆ...

ಮತ್ತೆ ಶುರು ಮಾಡಿದಿರಾ! ನಿಮ್ಮ ಮನೆಯ ರೂಟರ್ ವಿಷಯ ಕೇಳಿ. ಅದರೊಳಗೂ ನನ್ನಂಥ ಸಾಲುಗಳಿವೆ. ದುಡ್ಡು ಕೊಟ್ಟಿದ್ದು ನೀವು, ಬೇಡ ಅಂದಿದ್ದು ತಯಾರಕ. ಲಿನಕ್ಸ್‌ನ ಲೈಸೆನ್ಸ್ ಆದ 1991ರ ಜಿಪಿಎಲ್ ಎರಡನೇ ಆವೃತ್ತಿ, ಸೋರ್ಸ್ ಜೊತೆ ಕಂಪೈಲ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳನ್ನೂ ಕೊಡಿ ಅನ್ನುತ್ತೆ. ಎಷ್ಟೋ ಜನ ಕೊಡೋದು .ಕಾನ್ಫಿಗ್ ಇಲ್ಲದ ಜಿಪ್. ಯಾವುದು ಆನ್, ಯಾವುದು ಆಫ್ ಅಂತ ಊಹಿಸುತ್ತಾ ಕೂರಬೇಕು. 2003ರಲ್ಲಿ ಒತ್ತಡಕ್ಕೆ ಮಣಿದು ಲಿಂಕ್‌ಸಿಸ್ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಸೋರ್ಸ್ ಬಿಟ್ಟಿತು, ಅದರಿಂದ ಮುಂದೆ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಬಿಡದವರ ರೂಟರ್‌ಗಳು? ಅಪ್‌ಡೇಟ್ ನಿಂತ ದಿನ, ಗಟ್ಟಿಮುಟ್ಟಾದ ಹಾರ್ಡ್‌ವೇರ್ ಗುಜರಿಗೆ. ಅಲ್ಲಿ ನನ್ನ ವೇಷದ ತಮಾಷೆ ಏನೂ ಇಲ್ಲ. ಅದು ಮೋಸ.

ಓಡುತ್ತಿರುವ ಕರ್ನಲ್‌ನಿಂದಲೇ ‘ಪ್ರಾಕ್’ನಲ್ಲಿ ಕಾನ್ಫಿಗ್ ಓದಬಹುದಲ್ಲ?

ಓದಬಹುದು, ‘ಐಕೆಕಾನ್ಫಿಗ್_ಪ್ರಾಕ್’ ಆನ್ ಇದ್ದರೆ. ಅಲ್ಲಿ ಕೂರಿಸಿರೋದು ನನ್ನ ತಮ್ಮನನ್ನೇ.